ಹುಡುಕಾಟದ ಪ್ರಸ್ತುತತೆಯ ಮೌಲ್ಯಮಾಪನ

ಹುಡುಕಾಟದ ಪ್ರಶ್ನೆಯೊಂದಕ್ಕೆ ದೊರೆತ ಪುಟವು ಎಷ್ಟು ಸೂಕ್ತವೆಂದು ಮನುಷ್ಯರು ಅಂಕ ನೀಡುವ ಕ್ರಮವನ್ನು ಪ್ರಸ್ತುತತೆಯ ಮೌಲ್ಯಮಾಪನ ಎನ್ನುತ್ತಾರೆ. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ ನಡೆಸಿದ ಪ್ರಯೋಗಗಳು ಇದಕ್ಕೆ ತಳಹದಿಯಾದವು. 2010ರಲ್ಲಿ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ದತ್ತಾಂಶದಲ್ಲಿ ಪುಟಗಳಿಗೆ 0ಯಿಂದ 4ರವರೆಗೆ ಅಂಕಗಳಿವೆ. ಯಾವ ಪುಟವನ್ನು ಮೇಲಿಡಬೇಕೆಂಬುದನ್ನು ಯಂತ್ರವು ಇಂತಹ ಅಂಕಗಳಿಂದ ಕಲಿಯಬಲ್ಲದು.

ಇತ್ತೀಚೆಗೆ ಅಂಕ ನೀಡುವ ಕೆಲಸವನ್ನೂ ಬೃಹತ್ ಭಾಷಾ ಮಾದರಿಗಳಿಗೆ ವಹಿಸಲಾಗುತ್ತಿದೆ. ಬಿಂಗ್‌ನಲ್ಲಿ ಇದರ ಬಳಕೆಯನ್ನು ಮೈಕ್ರೋಸಾಫ್ಟ್ ಸಂಶೋಧಕರು 2023ರಲ್ಲಿ ವರದಿ ಮಾಡಿದರು. ಇದರಿಂದ ವೆಚ್ಚ ತಗ್ಗುತ್ತದೆ. ಆದರೆ ಕಲಿಯುವ ಯಂತ್ರದಲ್ಲಿಯೂ ಅದನ್ನು ಪರೀಕ್ಷಿಸುವ ಯಂತ್ರದಲ್ಲಿಯೂ ಒಂದೇ ದೋಷವಿದ್ದರೆ ಅದು ಗೋಚರಿಸುವುದಿಲ್ಲ. ಅಂತರಜಾಲದಲ್ಲಿ ಪಠ್ಯ ವಿರಳವಾಗಿರುವ ಭಾಷೆಗಳಲ್ಲಿ ಈ ಅಪಾಯ ಹೆಚ್ಚು. ಆದುದರಿಂದ ಆಯಾ ಭಾಷೆಯನ್ನು ಬಲ್ಲವರ ಅಂಕಗಳೊಡನೆ ಯಂತ್ರದ ಅಂಕಗಳನ್ನು ಹೋಲಿಸಿ ನೋಡುವುದು ಅಗತ್ಯವಾಗಿದೆ.