ಪರೀಕ್ಷೆಯಿಲ್ಲದ ಕೆಸರು ತೋಟಕ್ಕೆ ಬೇಡ

ಕೊಳಚೆ ನೀರಿನೊಂದಿಗೆ ಬರುವ ಭಾರಲೋಹಗಳಲ್ಲಿ ಬಹುಪಾಲು ಶುದ್ಧೀಕರಣ ಘಟಕದ ನೀರಿನಲ್ಲಿ ಉಳಿಯುವುದಿಲ್ಲ, ತಳದ ಕೆಸರಿಗೆ ಇಳಿಯುತ್ತದೆ. ಸೀಸ, ತಾಮ್ರ, ಕ್ಯಾಡ್ಮಿಯಂ, ಕ್ರೋಮಿಯಂ, ಸತು ಎಲ್ಲವೂ ಸೂಕ್ಷ್ಮಜೀವಿಗಳ ಮುದ್ದೆಗೆ ಅಂಟಿಕೊಂಡು ಕೆಳಗೆ ಕೂರುತ್ತವೆ. ನಿಕಲ್ ಮಾತ್ರ ಸಾಕಷ್ಟು ಪಾಲು ನೀರಿನ ಜೊತೆಗೇ ಹೊರಬೀಳುತ್ತದೆ. ಘಟಕ ಚೆನ್ನಾಗಿ ನಡೆದಷ್ಟೂ ನೀರು ತಿಳಿಯಾಗುತ್ತದೆ, ಕೆಸರಿನಲ್ಲಿ ಲೋಹ ಹೆಚ್ಚುತ್ತದೆ. ಕರ್ನಾಟಕದಲ್ಲಿ ಕೊಳಚೆಯ ಸುತ್ತ ಎದ್ದ ದೊಡ್ಡ ಜಗಳಗಳು ಈ ಸಂಗತಿಯನ್ನು ಬದಿಗಿಟ್ಟೇ ನಡೆದಿವೆ.

ಕೋಲಾರದ್ದು ಎಲ್ಲರಿಗೂ ಗೊತ್ತಿರುವ ಕಥೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರ ಜೂನ್‌ನಲ್ಲಿ ಅಲ್ಲಿನ ಕೆರೆಗಳಿಗೆ ಹರಿಯತೊಡಗಿತು. ದಿನಕ್ಕೆ 440 ದಶಲಕ್ಷ ಲೀಟರ್ ಕೊಡುವ ಯೋಜನೆ. ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಿತು, ಹೈಕೋರ್ಟ್ ತಡೆ ಕೊಟ್ಟಿತು. ಆ ತಡೆ ತೆರವಾದ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆಯಿತು, ಕೆಲವೇ ತಿಂಗಳಲ್ಲಿ ಅದೂ ತೆರವಾಯಿತು. ನೀರನ್ನು ಮೂರನೇ ಹಂತದವರೆಗೆ ಶುದ್ಧೀಕರಿಸಿಯೇ ಬಿಡಬೇಕೆಂಬ ಹೋರಾಟಗಾರರ ಬೇಡಿಕೆ ನ್ಯಾಯವಾದದ್ದೇ. ಆದರೆ ಮೂರನೇ ಹಂತ ಬಂದರೂ ಲೋಹ ಮಾಯವಾಗುವುದಿಲ್ಲ. ನೀರಿನಿಂದ ಹಿಡಿದು ತೆಗೆದ ಲೋಹ ಇನ್ನೊಂದು ಕೆಸರಿಗೆ ಸೇರುತ್ತದೆ, ಆ ಕೆಸರು ಎಲ್ಲಿಗೋ ಹೋಗಲೇಬೇಕು.

ಉಡುಪಿಯ ಜಗಳವೂ ಇದೇ ಬಗೆಯದು. ನಿಟ್ಟೂರಿನ ಘಟಕ, ಇಂದ್ರಾಣಿ ಹೊಳೆಗೆ ಸೇರುವ ಕೊಳಚೆ, ಹೊಳೆಬದಿಯ ಕೆಟ್ಟ ಬಾವಿಗಳು: ಕೊಡವೂರು, ಕಲ್ಮಾಡಿ ಕಡೆಯವರ ದೂರು ವರ್ಷಗಳಿಂದ ಇದೆ. ನಾತ ಮೂಗಿಗೆ ಬಡಿಯುತ್ತದೆ, ಕಪ್ಪು ನೀರು ಕಣ್ಣಿಗೆ ಬೀಳುತ್ತದೆ. ಒಣಗಿದ ಕೆಸರಿಗೆ ಅಂಥ ನಾತವೂ ಇಲ್ಲ, ಬಣ್ಣವೂ ಇಲ್ಲ. ಹಾಲಾಡಿ ಗ್ರಾಮದ ಬಳಿ ವಾರಾಹಿ ನದಿಯಿಂದ ನೀರೆತ್ತಿ ಉಡುಪಿಗೆ ಒಯ್ಯುವ ಯೋಜನೆ ಬಂದಾಗಲೂ ಎಷ್ಟು ನೀರು, ಯಾರಿಗೆ ನೀರು ಎಂಬ ವಾದವೇ ಮುಂದಿತ್ತು. ಅಷ್ಟು ನೀರು ಪೇಟೆಯಲ್ಲಿ ಬಳಕೆಯಾದ ಮೇಲೆ ಉಳಿಸಿಹೋಗುವ ಕೆಸರಿಗೆ ಜಾಗ ಯಾವುದು ಎಂಬ ಪ್ರಶ್ನೆ ಅಷ್ಟು ಜೋರಾಗಿ ಕೇಳಿಬರಲಿಲ್ಲ. ಕೇಳಬೇಕಾದವರು ಹಾಲಾಡಿಯಂಥ ಊರಿನವರೇ. ಗೊಬ್ಬರ ಬೇಕಾದ ಗದ್ದೆ, ತೋಟ ಇರುವುದು ಅಲ್ಲಿ.

ಕೆಸರಿನಲ್ಲಿ ಸಾರಜನಕವಿದೆ, ರಂಜಕವಿದೆ, ಮಣ್ಣಿಗೆ ಬೇಕಾದ ಸಾವಯವ ಅಂಶವಿದೆ. ಭಾರತ ತನಗೆ ಬೇಕಾದ ರಂಜಕದ ಬಹುಪಾಲನ್ನು ಹೊರದೇಶದಿಂದ ತರಿಸುತ್ತದೆ. ಆದ್ದರಿಂದ ಕೆಸರೆಲ್ಲ ವಿಷ, ಹೂತುಬಿಡಿ ಎನ್ನುವ ವಾದ ದಡ್ಡತನದ್ದು. ಇದು ನೈಸರ್ಗಿಕ ಗೊಬ್ಬರ, ಪುಕ್ಕಟೆ ಕೊಟ್ಟರೆ ರೈತರು ಒಯ್ಯುತ್ತಾರೆ ಎನ್ನುವ ಎದುರು ವಾದ ಅದಕ್ಕಿಂತ ಅಪಾಯಕಾರಿ. ಕಾಂಪೋಸ್ಟ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಇದರ ಜೊತೆಗಾರ. ಕಾಂಪೋಸ್ಟಿನ ಬಿಸಿಗೆ ರೋಗಾಣು, ಜಂತುವಿನ ಮೊಟ್ಟೆ ಸಾಯುತ್ತವೆ. ಲೋಹಕ್ಕೆ ಸಾವಿಲ್ಲ. ಸಾವಯವ ಅಂಶ ಕೊಳೆತು ತೂಕ ಇಳಿದಷ್ಟೂ ಉಳಿದದ್ದರಲ್ಲಿ ಲೋಹದ ಪ್ರಮಾಣ ಏರುತ್ತದೆ. ತರಗೆಲೆಯನ್ನೋ ಹಸಿಕಸವನ್ನೋ ಬೆರೆಸಿದರೆ ಪ್ರಯೋಗಾಲಯದ ಅಂಕಿ ಇಳಿಯುತ್ತದೆ, ಲೋಹದ ಒಟ್ಟು ಲೆಕ್ಕ ಇಳಿಯುವುದಿಲ್ಲ.

ಅಂಕಿಗಳ ವಿಷಯಕ್ಕೆ ಬಂದರೆ, ಭಾರತದಲ್ಲಿ ಕೊಳಚೆ ಕೆಸರನ್ನು ಅಳೆಯಲು ನಗರ ಕಾಂಪೋಸ್ಟಿನ ಮಿತಿಯನ್ನೇ ಎರವಲು ಪಡೆಯುವುದು ರೂಢಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಒಣ ಕಾಂಪೋಸ್ಟಿನ ಪ್ರತಿ ಕಿಲೋದಲ್ಲಿ ಕ್ಯಾಡ್ಮಿಯಂ 5, ಸೀಸ 100, ನಿಕಲ್ 50, ತಾಮ್ರ 300, ಸತು 1000 ಮಿಲಿಗ್ರಾಂ ಮೀರುವಂತಿಲ್ಲ. ಯುರೋಪಿನ 1986ರ ನಿರ್ದೇಶನ ಕೆಸರಿನಲ್ಲಿ ಕ್ಯಾಡ್ಮಿಯಂ 20ರಿಂದ 40ರವರೆಗೆ ಬಿಡುತ್ತದೆ. ಅಮೆರಿಕದ 1993ರ ನಿಯಮದಲ್ಲಿ ಉತ್ತಮ ದರ್ಜೆಯ ಕೆಸರಿಗೂ 39ರವರೆಗೆ ಅವಕಾಶವಿದೆ. ಇವನ್ನು ತೋರಿಸಿ ನಮ್ಮ ಮಿತಿ ವಿಪರೀತ ಬಿಗಿ ಎನ್ನುವವರಿದ್ದಾರೆ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಅರ್ಧ ಅಡಿ ಮೇಲ್ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದಕ್ಕೆ ಯುರೋಪಿನ ಗರಿಷ್ಠ ಮಿತಿಯ ಕೆಸರನ್ನು 10 ಟನ್ ಹಾಕಿದರೆ ಒಂದೇ ಸಲಕ್ಕೆ 400 ಗ್ರಾಂ ಕ್ಯಾಡ್ಮಿಯಂ ಬೀಳುತ್ತದೆ. ಮಣ್ಣಿನ ಪ್ರತಿ ಕಿಲೋಗೆ 0.4 ಮಿಲಿಗ್ರಾಂಗೂ ಹೆಚ್ಚು. ಅದೇ ಯುರೋಪ್ ಮಣ್ಣಿಗೆ ಹಾಕಿಕೊಂಡ ಮಿತಿ 1ರಿಂದ 3 ಮಿಲಿಗ್ರಾಂ. ಕೆಲವು ವರ್ಷ ಹೀಗೆ ಹಾಕಿದರೆ ಸಾಕು, ಆ ಗೆರೆ ದಾಟುತ್ತದೆ, ಮತ್ತೆ ಹಿಂದೆ ಬರಲು ದಾರಿಯಿಲ್ಲ. ಭಾರತದ ಮಿತಿಯ ಕೆಸರಾದರೆ ಬೀಳುವುದು 50 ಗ್ರಾಂ.

ಕರಾವಳಿಗೆ ಈ ಲೆಕ್ಕ ಇನ್ನೂ ಬಿಗಿಯಾಗಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮುರಕಲ್ಲಿನ ಮಣ್ಣು ಹುಳಿ ಮಣ್ಣು. ಮಳೆಗಾಲದ ನೀರು ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುತ್ತದೆ. ಹುಳಿ ಹೆಚ್ಚಿದಂತೆ ಕ್ಯಾಡ್ಮಿಯಂ, ಸತು, ನಿಕಲ್ ಮಣ್ಣಿನ ಹಿಡಿತ ಬಿಟ್ಟು ಬೇರಿಗೆ, ಬಾವಿಗೆ ಇಳಿಯುತ್ತವೆ. ಮಣ್ಣಿನ ಪಿಎಚ್ 6ಕ್ಕಿಂತ ಕೆಳಗಿದ್ದರೆ ಲೋಹದ ಈ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಯುರೋಪಿನ ನಿರ್ದೇಶನವೇ ಹೇಳುತ್ತದೆ. ಬ್ರಿಟನ್ ಪಿಎಚ್ 5ಕ್ಕಿಂತ ಕೆಳಗಿನ ಹೊಲಕ್ಕೆ ಕೆಸರನ್ನೇ ನಿಷೇಧಿಸಿತು. ವಿದೇಶದ ಸಡಿಲ ಅಂಕಿಯನ್ನು ತಂದು ಅದರ ಜೊತೆಗಿದ್ದ ಷರತ್ತನ್ನು ಅಲ್ಲೇ ಬಿಟ್ಟುಬರುವುದು ವಿಜ್ಞಾನವಲ್ಲ, ಕಳ್ಳ ಲೆಕ್ಕ. ಭತ್ತದ ವಿಷಯ ಇನ್ನೂ ಸೂಕ್ಷ್ಮ. ಗದ್ದೆಯಲ್ಲಿ ನೀರು ನಿಂತಿರುವಷ್ಟು ದಿನ ಕ್ಯಾಡ್ಮಿಯಂ ಗಂಧಕದ ಜೊತೆ ಕಟ್ಟಿಕೊಂಡು ಸುಮ್ಮನಿರುತ್ತದೆ. ಕೊಯ್ಲಿಗೆ ಮುನ್ನ ನೀರು ಬತ್ತಿದಾಗ ಬಿಡುಗಡೆಯಾಗಿ ಕಾಳಿಗೆ ಏರುತ್ತದೆ. ಬೈಲು ಗದ್ದೆಗಿಂತ ಬೇಗ ಒಣಗುವ ಬೆಟ್ಟು, ಮಜಲು ಗದ್ದೆಗಳಿಗೆ ಹೀಗಾಗಿ ಅಪಾಯ ಹೆಚ್ಚು. ಗಣಿಯ ಕ್ಯಾಡ್ಮಿಯಂ ಸೇರಿದ ನದಿನೀರಿನಿಂದ ಭತ್ತ ಬೆಳೆದ ಜಪಾನಿನ ತೊಯಾಮಾದಲ್ಲಿ ಜನರ ಮೂಳೆ ಸವೆದು ಮುರಿಯುವ ಇಟಾಯ್-ಇಟಾಯ್ ಕಾಯಿಲೆ ಬಂತು. ಅಲ್ಲಿನ ಸರ್ಕಾರ ಕಾರಣವನ್ನು ಒಪ್ಪಿದ್ದು 1968ರಲ್ಲಿ.

ಅಡಿಕೆ ತೋಟದ ಮಣ್ಣಿಗೆ ಲೋಹ ಹೊಸದೇನಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತಿನಲ್ಲಿ ಕಾಲು ಪಾಲು ತಾಮ್ರ. ಶೇ. 1ರ ದ್ರಾವಣದ ಪ್ರತಿ 100 ಲೀಟರಿನಲ್ಲಿ ಕಾಲು ಕಿಲೋ ತಾಮ್ರವಿದ್ದು, ಕೊನೆಗೆ ಅದು ಮರದ ಬುಡಕ್ಕೇ ಬರುತ್ತದೆ. ತಲೆಮಾರುಗಳಿಂದ ಹೀಗೆ ಕೂಡಿದ ತಾಮ್ರದ ಮೇಲೆ ಕೆಸರಿನ ತಾಮ್ರವನ್ನೂ ಸುರಿಯುವ ಮೊದಲು ತೋಟದ ಮಣ್ಣಿನ ಪರೀಕ್ಷೆ ಆಗಲೇಬೇಕು. ಮಿತಿಯೊಳಗಿನ ಕೆಸರಾದರೂ ಒಂದು ಟನ್ನಿಗೆ 300 ಗ್ರಾಂ ತಾಮ್ರ ತರಬಲ್ಲದು.

ಎಲ್ಲ ಕೆಸರೂ ಒಂದೇ ಅಲ್ಲ. ಹಾಲಾಡಿಯಂಥ ಗ್ರಾಮಗಳಲ್ಲಿ ಮನೆಮನೆಗೆ ಪಿಟ್ಟು, ಸೆಪ್ಟಿಕ್ ಟ್ಯಾಂಕು. ಅದರಲ್ಲಿ ಇರುವುದು ಮುಖ್ಯವಾಗಿ ಮನುಷ್ಯರ ಮಲ. ಆಹಾರದ ಸತು, ತಾಮ್ರ ಬಿಟ್ಟರೆ ಲೋಹ ಕಡಿಮೆ. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಘಟಕ ಇಂಥ ಕೆಸರನ್ನೇ ಒಣಗಿಸಿ, ಹಸಿಕಸದ ಜೊತೆ ಕಾಂಪೋಸ್ಟ್ ಮಾಡಿ ತೋರಿಸಿತು. ಪೇಟೆಯ ಒಳಚರಂಡಿಯಲ್ಲಾದರೆ ಗ್ಯಾರೇಜು, ಬ್ಯಾಟರಿ ಅಂಗಡಿ, ಮುಲಾಮು ಹಾಕುವ ಕಾರ್ಖಾನೆ, ಚಿನ್ನ ಬೆಳ್ಳಿಯ ಕೆಲಸದ ಆಮ್ಲ ಎಲ್ಲ ಒಂದೇ ಕೊಳವೆಗೆ ಬೀಳುತ್ತವೆ. ಖರ್ಚು ಉಳಿಸಲೆಂದು ಹಳ್ಳಿಯ ಪಿಟ್ಟಿನ ಕೆಸರನ್ನೂ ಪೇಟೆಯ ಕೆಸರನ್ನೂ ಒಂದೇ ಒಣಗಿಸುವ ಹಾಸಿನಲ್ಲಿ ಬೆರೆಸಿದರೆ ಒಳ್ಳೆಯ ಗೊಬ್ಬರವೂ ಕೆಟ್ಟಂತೆಯೇ.

ಕೆಸರಿಗೆ ಸೇರಿದ ಲೋಹವನ್ನು ಆಮ್ಲದಿಂದ ತೊಳೆದು ತೆಗೆಯಬಹುದು, ಆದರೆ ಆ ಖರ್ಚನ್ನು ಯಾವ ಪುರಸಭೆಯೂ ಹೊರಲಾರದು. ತಡೆಯಬೇಕಾದದ್ದು ಚರಂಡಿಯ ಬಾಯಲ್ಲೇ. ಲೋಹದ ಕೆಲಸ ಮಾಡುವ ಅಂಗಡಿ ತನ್ನ ನೀರಿಗೆ ಸುಣ್ಣ ಹಾಕಿ, ಲೋಹವನ್ನು ತಳಕ್ಕೆ ಕೂರಿಸಿ, ಆ ಗಸಿಯನ್ನು ಅಪಾಯಕಾರಿ ತ್ಯಾಜ್ಯವೆಂದು ಬೇರೆಯಾಗಿಯೇ ಕಳಿಸಬೇಕು. ಹಾಗೆ ಮಾಡದ ಅಂಗಡಿಗೆ ಒಳಚರಂಡಿ ಸಂಪರ್ಕ ಕೊಡಬಾರದು. ಜರ್ಮನಿ 2029ರಿಂದ ದೊಡ್ಡ ಘಟಕಗಳು ಕೆಸರಿನಿಂದ ರಂಜಕವನ್ನು ಬೇರ್ಪಡಿಸಿ ತೆಗೆಯಬೇಕೆಂದು ಕಾನೂನು ಮಾಡಿದೆ. ಸ್ವಿಟ್ಜರ್ಲೆಂಡ್ ಹೊಲಕ್ಕೆ ಕೆಸರು ಹಾಕುವುದನ್ನೇ ನಿಲ್ಲಿಸಿತು. ಉಡುಪಿ ಜಿಲ್ಲೆಗೆ ಅಷ್ಟು ದುಬಾರಿ ದಾರಿ ಈಗ ಬೇಕಿಲ್ಲ. ಪ್ರತಿ ರಾಶಿಗೂ ಲೋಹದ ಪರೀಕ್ಷೆ, ಹಾಕುವ ಜಾಗದ ಮಣ್ಣಿನ ಪಿಎಚ್, ಸರ್ವೆ ನಂಬರಿಗೆ ಇದುವರೆಗೆ ಬಿದ್ದ ಲೋಹದ ಲೆಕ್ಕ, ಇಷ್ಟನ್ನು ಬರೆದಿಡಲು ಕೋಟಿಗಟ್ಟಲೆ ಹಣ ಬೇಡ. ವರದಿ ಇಲ್ಲದ ಲೋಡನ್ನು ವಾಪಸು ಕಳಿಸುವ ಅಧಿಕಾರ ಗ್ರಾಮ ಪಂಚಾಯತಿಗೆ ಬರಬೇಕು. ಅದು ಬರುವ ತನಕ ಪೇಟೆಯ ಕೆಸರನ್ನು, ಪುಕ್ಕಟೆ ಕೊಟ್ಟರೂ, ಹಾಲಾಡಿಯ ಕೃಷಿಕರು ಗದ್ದೆಗೂ ತೋಟಕ್ಕೂ ಇಳಿಸಿಕೊಳ್ಳಬಾರದು.