ಜೀವರಕ್ಷಕ ಯಂತ್ರವೂ ಐದು ರೂಪಾಯಿಯ ಷೇರೂ

ಮೊನ್ನೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನನ್ನ ಎಡಬಲಕ್ಕೆ ಹಳೆಯ ವಿದ್ಯಾರ್ಥಿಗಳು ಮೂವರು ಕುಳಿತಿದ್ದರು. ಒಬ್ಬ ಬೆಂಗಳೂರಿನಲ್ಲಿ ಬ್ಯಾಂಕಿನ ನೌಕರ, ಇನ್ನೊಬ್ಬ ಮುಂಬಯಿಯಲ್ಲಿ ಹೋಟೆಲು ನಡೆಸುವವನು, ಮೂರನೆಯವನು ಊರಿನಲ್ಲೇ ಮಂಜುಗಡ್ಡೆ ಕಾರ್ಖಾನೆಯಲ್ಲಿ ದುಡಿಯುವ, ತಂಡೇಲರೊಬ್ಬರ ಮಗ. ಮಾತು ಒಂದು ಷೇರಿನ ಬಗ್ಗೆ ನಡೆದಿತ್ತು. ಬೆಲೆ ಐದು ರೂಪಾಯಿಯ ಆಸುಪಾಸು. ಆ ಕಂಪನಿ ಒಂದು ಪುಟ್ಟ ಯಂತ್ರವನ್ನು ತಯಾರಿಸುತ್ತದೆಯಂತೆ. ಮೀನುಗಾರನು ಅದನ್ನು ಮೈಗೆ ಕಟ್ಟಿಕೊಂಡರೆ, ಅವನು ಕಡಲಿಗೆ ಬಿದ್ದೊಡನೆ ಉಪ್ಪುನೀರು ತಗುಲಿ ಅದು ತಾನಾಗಿಯೇ ಅಪಾಯದ ಸಂಕೇತವನ್ನು ಕಳುಹಿಸುತ್ತದೆಯಂತೆ. ಬ್ಯಾಂಕಿನವನು ಈಗಾಗಲೇ ಕೊಂಡಿದ್ದ. ಹೋಟೆಲಿನವನು ಕೊಂಡು, ಬೆಲೆ ಏರಿದ ಮೇಲೆ ಇನ್ನಷ್ಟು ಕೊಂಡಿದ್ದ. ತಂಡೇಲರ ಮಗ ಮಾತ್ರ ತಾಯಿಯ ಬಳೆಗಳನ್ನು ಅಡವಿಟ್ಟು ಕೊಳ್ಳುವ ವಿಚಾರದಲ್ಲಿದ್ದ. "ಪುಣ್ಯದ ಕೆಲಸವೂ ಆಯಿತು, ಲಾಭವೂ ಆಯಿತು. ನೀವೇನು ಹೇಳುತ್ತೀರಿ ಮಾಷ್ಟ್ರೇ?" ಎಂದು ಅವನು ಕೇಳಿದ. ಶುಭಕಾರ್ಯದ ಮನೆಯಲ್ಲಿ ಕೆಡುಕಿನ ಮಾತೇಕೆಂದು ನಾನು ನಕ್ಕು, ಪಾಯಸದ ಕಡೆಗೆ ತಿರುಗಿದೆ.

ಆ ನಗು ಅಂದಿನಿಂದ ನನ್ನನ್ನು ಚುಚ್ಚುತ್ತಿದೆ. ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಉತ್ತರ ಕೊಡದೆ ಎದ್ದು ಬರುವುದು ಅಧ್ಯಾಪಕನಿಗೆ ಶೋಭಿಸದು. ಆದ್ದರಿಂದ ಅಂದು ಆಡದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಮಾತು ಕಟುವಾದರೆ ನನ್ನ ಮಕ್ಕಳಂತಿರುವ ನೀವು ಕ್ಷಮಿಸಬೇಕು.

ಮೊದಲಿಗೆ ನಿಮ್ಮ ಪಕ್ಷದ ಮಾತನ್ನೇ ಹೇಳುತ್ತೇನೆ. ಇಂಥ ಯಂತ್ರ ಬೇಕೇ ಬೇಕು. 2018ರ ಡಿಸೆಂಬರ್ ಮಧ್ಯಭಾಗದಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿ ಮೀನುಗಾರರೊಡನೆ ಸಂಪರ್ಕ ಕಡಿದುಕೊಂಡಿತು. ಅದರ ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆಯ ಸಮುದ್ರತಳದಲ್ಲಿ, ನೌಕಾಪಡೆಯ ಶೋಧದಿಂದ. ಆ ನಾಲ್ಕೂವರೆ ತಿಂಗಳು ಆ ಏಳು ಮನೆಗಳು ಹೇಗೆ ದಿನ ದೂಡಿದವೆಂಬುದನ್ನು ಕರಾವಳಿಯವರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಕಡಲಿನಿಂದ ಒಂದು ಸಂಕೇತ ಬಂದಿದ್ದರೆ ಎಂದು ಅಂದು ನಾವೆಲ್ಲ ಹಲುಬಿದ್ದೇವೆ. ಯಂತ್ರದ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಆ ಏಳು ಮನೆಗಳ ಕಣ್ಣೀರನ್ನು ಷೇರು ಮಾರುವ ಸಾಧನವಾಗಿ ಬಳಸುವುದರ ಮೇಲೆ ನನಗೆ ಕೋಪವಿದೆ.

ಇದು ಹೊಸ ವಿದ್ಯೆಯಲ್ಲ. ನೂರು ವರ್ಷಗಳಿಗೂ ಹಿಂದೆ ಅಮೆರಿಕದಲ್ಲಿ ನಡೆದ ಕಥೆಯನ್ನು ಕೇಳಿ. 1909ರ ಜನವರಿಯಲ್ಲಿ ನ್ಯಾಂಟಕೆಟ್ ದ್ವೀಪದ ಬಳಿ ದಟ್ಟ ಮಂಜಿನಲ್ಲಿ 'ರಿಪಬ್ಲಿಕ್' ಎಂಬ ಪ್ರಯಾಣಿಕರ ಹಡಗಿಗೆ 'ಫ್ಲಾರಿಡಾ' ಎಂಬ ಇನ್ನೊಂದು ಹಡಗು ಡಿಕ್ಕಿ ಹೊಡೆಯಿತು. ಜ್ಯಾಕ್ ಬಿನ್ಸ್ ಎಂಬ ತರುಣ ಹಾನಿಗೊಂಡ ಕೋಣೆಯಲ್ಲಿ ಕುಳಿತು ವೈರ್‌ಲೆಸ್ ಮೂಲಕ ನೆರವಿಗಾಗಿ ಮೊರೆಯಿಟ್ಟ. ಡಿಕ್ಕಿಯಲ್ಲೇ ಸತ್ತ ಕೆಲವರ ಹೊರತು, ಎರಡು ಹಡಗುಗಳ ಸುಮಾರು 1,500 ಮಂದಿ ಬದುಕಿ ದಡ ಸೇರಿದರು. ವೈರ್‌ಲೆಸ್ ಎಂಬ ಯಂತ್ರ ಕಡಲಿನಲ್ಲಿ ಜೀವ ಉಳಿಸಬಲ್ಲದೆಂದು ಜಗತ್ತು ಕೊಂಡಾಡಿತು.

ಅದೇ ಕಾಲದಲ್ಲಿ ಅಲ್ಲಿ ಯುನೈಟೆಡ್ ವೈರ್‌ಲೆಸ್ ಎಂಬ ಕಂಪನಿಯಿತ್ತು. ಅದರ ಅಧ್ಯಕ್ಷ ಕ್ರಿಸ್ಟೋಫರ್ ಕೊಲಂಬಸ್ ವಿಲ್ಸನ್. ಸಂಬಳದವರು, ವಿಧವೆಯರು, ಸಣ್ಣ ವ್ಯಾಪಾರಿಗಳು ಸಾವಿರಾರು ಸಂಖ್ಯೆಯಲ್ಲಿ ಅದರ ಷೇರು ಕೊಂಡರು. ಷೇರಿನ ಬೆಲೆಯನ್ನು ಪೇಟೆ ನಿರ್ಧರಿಸುತ್ತಿರಲಿಲ್ಲ. ಕಂಪನಿಯೇ ಆಗಾಗ ಹೊಸ ಬೆಲೆಯನ್ನು ಸಾರುತ್ತಿತ್ತು, ಮತ್ತು ಆ ಬೆಲೆ ಸದಾ ಹಿಂದಿನದಕ್ಕಿಂತ ಹೆಚ್ಚಾಗಿರುತ್ತಿತ್ತು. ಕೊಂಡವರ ಪತ್ರದ ಮೇಲೆ, ಗೊತ್ತುಪಡಿಸಿದ ದಿನದವರೆಗೆ ಇದನ್ನು ವರ್ಗಾಯಿಸುವಂತಿಲ್ಲವೆಂಬ ಮುದ್ರೆ ಬೀಳುತ್ತಿತ್ತು. ಒಳಗಿನವರು ಮಾತ್ರ ತಮ್ಮ ಪಾಲನ್ನು ಜನರಿಗೆ ಮಾರುತ್ತಲೇ ಇದ್ದರು. 1910ರ ಜೂನ್‌ನಲ್ಲಿ ಅಂಚೆ ಇಲಾಖೆಯ ತನಿಖಾಧಿಕಾರಿಗಳು ಅವರನ್ನು ಹಿಡಿದರು. 1911ರಲ್ಲಿ ವಿಲ್ಸನ್‌ಗೆ ಶಿಕ್ಷೆಯಾಯಿತು. ಮರುವರ್ಷ ಆತ ಅಟ್ಲಾಂಟದ ಸೆರೆಮನೆಯಲ್ಲೇ ತೀರಿಕೊಂಡ.

ಈ ಕಥೆಯಲ್ಲಿ ನೀವು ಗಮನಿಸಬೇಕಾದ ಅಂಶ ಒಂದಿದೆ. ಯುನೈಟೆಡ್ ವೈರ್‌ಲೆಸ್‌ನ ಯಂತ್ರಗಳು ಸುಳ್ಳಾಗಿರಲಿಲ್ಲ. ಅವು ನೂರಾರು ಹಡಗುಗಳಲ್ಲಿ ಕೆಲಸ ಮಾಡುತ್ತಿದ್ದವು. 1912ರಲ್ಲಿ ಮಾರ್ಕೋನಿ ಕಂಪನಿಯವರು ಅದರ ಆಸ್ತಿಯನ್ನು ಕೊಂಡು ಅದೇ ವ್ಯವಸಾಯವನ್ನು ಮುಂದುವರಿಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಟೈಟಾನಿಕ್ ಮುಳುಗಿದಾಗ ಏಳುನೂರಕ್ಕೂ ಹೆಚ್ಚು ಜನರಿಗೆ ನೆರವನ್ನು ಕರೆತಂದದ್ದು ವೈರ್‌ಲೆಸ್ಸೇ. ಯಂತ್ರ ಗೆದ್ದಿತು, ಲೋಕಕ್ಕೆ ಉಪಕಾರವಾಯಿತು, ಷೇರು ಕೊಂಡ ವಿಧವೆಯ ದುಡ್ಡು ಮಾತ್ರ ಹಿಂದಿರುಗಲಿಲ್ಲ. ಯಂತ್ರ ಒಳ್ಳೆಯದೆಂಬ ಒಂದೇ ಕಾರಣಕ್ಕೆ ಷೇರು ಒಳ್ಳೆಯದಾಗುವುದಿಲ್ಲ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ. ಉಳಿದುದೆಲ್ಲ ಅದರ ವಿವರಣೆ.

ನೀವು ಊಟದ ಪಂಕ್ತಿಯಲ್ಲಿ ಮಂಡಿಸಿದ ವಾದಗಳನ್ನು ಈಗ ಒಂದೊಂದಾಗಿ ನೋಡೋಣ.

"ಪುಣ್ಯದ ಕೆಲಸ" ಎಂದಿರಿ. ಪೇಟೆಯಲ್ಲಿ ನೀವು ಷೇರು ಕೊಂಡಾಗ ನಿಮ್ಮ ಹಣ ಹೋಗುವುದು ಅದನ್ನು ಮಾರಿದವನ ಜೇಬಿಗೆ. ಅದರಲ್ಲಿ ಒಂದು ಪೈಸೆಯೂ ಯಂತ್ರ ತಯಾರಿಸುವ ಮೇಜಿನ ಮೇಲೆ ಬೀಳುವುದಿಲ್ಲ, ಒಬ್ಬ ಮೀನುಗಾರನ ಸೊಂಟಕ್ಕೂ ಒಂದು ಯಂತ್ರ ಬರುವುದಿಲ್ಲ. ಕಂಪನಿ ಹೊಸದಾಗಿ ಷೇರು ಹೊರಡಿಸಿ ನಿಮ್ಮಿಂದ ನೇರವಾಗಿ ಹಣ ಪಡೆದರೆ ಆ ಮಾತು ಬೇರೆ. ಲಾಭಕ್ಕಾಗಿ ಕೊಳ್ಳುವುದು ತಪ್ಪಲ್ಲ. ಲಾಭದ ಆಸೆಗೆ ಧರ್ಮದ ಶಾಲು ಹೊದಿಸುವುದು ತಪ್ಪು, ಏಕೆಂದರೆ ಆ ಶಾಲಿನಡಿಯಲ್ಲಿ ಲೆಕ್ಕ ಕೇಳುವ ಬಾಯಿ ಮುಚ್ಚಿಹೋಗುತ್ತದೆ.

"ಐದೇ ರೂಪಾಯಿ, ಅಗ್ಗ" ಎಂದಿರಿ. ಬ್ಯಾಂಕಿನ ನೌಕರನ ಬಾಯಿಂದ ಈ ಮಾತು ಬಂದದ್ದು ನನ್ನ ಗಣಿತದ ಪಾಠಕ್ಕೆ ಆದ ಅವಮಾನ. ಐದು ರೂಪಾಯಿಯ 60 ಕೋಟಿ ಷೇರುಗಳಿರುವ ಕಂಪನಿಯ ಒಟ್ಟು ಬೆಲೆ 300 ಕೋಟಿ. ಸಾವಿರ ರೂಪಾಯಿಯ 10 ಲಕ್ಷ ಷೇರುಗಳಿರುವ ಕಂಪನಿಯ ಬೆಲೆ 100 ಕೋಟಿ. ಯಾವುದು ಅಗ್ಗ? ಒಂದು ಷೇರಿನ ಬೆಲೆಯನ್ನಷ್ಟೇ ನೋಡಿ ಅಗ್ಗವೆನ್ನುವುದು, ಹೋಳಿನ ಗಾತ್ರ ಕೇಳದೆ ಹೋಳಿಗೆ ಎರಡು ರೂಪಾಯಿಯೆಂದು ಹಲಸಿನ ಹಣ್ಣು ಕೊಂಡಂತೆ.

"ದಿನಾ ಏರುತ್ತಿದೆ" ಎಂದಿರಿ. ಕೈಬದಲಾಗುವ ಷೇರು ಕಡಿಮೆಯಿದ್ದಲ್ಲಿ ನಾಲ್ಕಾರು ಜನ ಸೇರಿ ತಮ್ಮತಮ್ಮೊಳಗೆ ಕೊಂಡು ಮಾರಿದರೂ ಬೆಲೆ ಏರುತ್ತದೆ. ಇಂಥ ಷೇರುಗಳಿಗೆ ದಿನಕ್ಕೆ ಇಷ್ಟೇ ಏರಬೇಕು, ಇಷ್ಟೇ ಇಳಿಯಬೇಕು ಎಂಬ ಮಿತಿಯಿರುತ್ತದೆ. ಏರುವಾಗ ಆ ಮಿತಿ ಹಬ್ಬದಂತೆ ತೋರುತ್ತದೆ. ಇಳಿಯುವಾಗ? ದಿನಕ್ಕೆ ಶೇಕಡಾ 5ರಂತೆ ಹತ್ತು ದಿನ ಇಳಿದರೆ 100 ರೂಪಾಯಿ ಸುಮಾರು 60 ಆಗುತ್ತದೆ, ಇಪ್ಪತ್ತು ದಿನಕ್ಕೆ 36. ಆ ಇಪ್ಪತ್ತು ದಿನವೂ ಮಾರಲು ಸಾಲು ಇರುತ್ತದೆ, ಕೊಳ್ಳುವವನೇ ಇರುವುದಿಲ್ಲ. ಅಂದಿನ ಅಮೆರಿಕದಲ್ಲಿ ಪತ್ರದ ಮೇಲೆ ಮುದ್ರೆ ಒತ್ತಿ ಜನರನ್ನು ಕಟ್ಟಿಹಾಕಿದರು. ಇಂದು ಮುದ್ರೆಯ ಅಗತ್ಯವೇ ಇಲ್ಲ. ಇದು ನನ್ನ ಕಲ್ಪನೆಯೂ ಅಲ್ಲ. ಎರಡು ಸಣ್ಣ ಕಂಪನಿಗಳ ಬಗ್ಗೆ ದಾರಿತಪ್ಪಿಸುವ ವಿಡಿಯೊಗಳನ್ನು ಹರಡಿ, ಜನ ಕೊಳ್ಳಲು ಮುಗಿಬಿದ್ದಾಗ ತಮ್ಮ ಪಾಲನ್ನು ಮಾರಿಕೊಂಡರೆಂಬ ಆರೋಪದ ಮೇಲೆ ಸೆಬಿ ಸಂಸ್ಥೆ 2023ರ ಮಾರ್ಚ್‌ನಲ್ಲಿ ಹಲವರಿಗೆ ಮಾರುಕಟ್ಟೆಯ ಬಾಗಿಲು ಮುಚ್ಚಿ ಮಧ್ಯಂತರ ಆದೇಶ ಹೊರಡಿಸಿತು.

"ದೇಶದ ಮೀನುಗಾರರೆಲ್ಲ ಕೊಳ್ಳುತ್ತಾರೆ" ಎಂದಿರಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಿರಿ. 2024ರ ಆಗಸ್ಟ್ 30ರಂದು ಪ್ರಧಾನಿಯವರು ಪಾಲ್ಘರ್‌ನಲ್ಲಿ ಒಂದು ಯೋಜನೆಗೆ ಚಾಲನೆ ಕೊಟ್ಟರು. ಕರಾವಳಿ ರಾಜ್ಯಗಳ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಇಸ್ರೋ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಯದು. ಮೀನುಗಾರರು ಅದಕ್ಕೆ ಬೆಲೆ ತೆರಬೇಕಾಗಿಲ್ಲ. ಅದು ದೋಣಿಗೆ, ಇದು ಮೈಗೆ, ಎರಡೂ ಬೇರೆ ಎಂದು ನೀವು ಹೇಳಬಹುದು. ಒಪ್ಪಿದೆ. ಆದರೆ ಡೀಸೆಲ್ಲು, ಬಲೆ, ಮಂಜುಗಡ್ಡೆಗಳ ಸಾಲದಲ್ಲಿ ಮುಳುಗಿರುವ ಬೋಟಿನ ಯಜಮಾನ ಆಳಿಗೊಂದರಂತೆ ಯಂತ್ರ ಕೊಳ್ಳುವನೇ ಎಂಬುದನ್ನು ಬೆಂಗಳೂರಿನವನು ಹೇಳಬೇಕಾಗಿಲ್ಲ, ಮಂಜುಗಡ್ಡೆ ಕಾರ್ಖಾನೆಯವನಿಗೇ ಚೆನ್ನಾಗಿ ಗೊತ್ತು.

ಇನ್ನೊಂದು ಪ್ರಶ್ನೆ. ಸಂಕೇತ ಹೊರಟರೆ ಸಾಲದು, ಅದನ್ನು ಕೇಳುವ ಕಿವಿ ಬೇಕು. ಅಂತರರಾಷ್ಟ್ರೀಯ ಕಾಸ್ಪಸ್-ಸಾರ್ಸ್ಯಾಟ್ ವ್ಯವಸ್ಥೆಯಲ್ಲಿ 406 ಮೆಗಾಹರ್ಟ್ಸ್ ಸಂಕೇತವನ್ನು ಉಪಗ್ರಹಗಳು ಹಿಡಿಯುತ್ತವೆ. ನಮ್ಮ ದೇಶದಲ್ಲಿ ಅದು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಬಂದು, ಅಲ್ಲಿಂದ ತಟರಕ್ಷಣಾ ಪಡೆಗೆ ಮುಟ್ಟುತ್ತದೆ. ಆ ಜಾಲಕ್ಕೆ ಸೇರುವ ಯಂತ್ರಕ್ಕೆ ಮಾದರಿಯ ಅನುಮೋದನೆ ಬೇಕು, ನೋಂದಣಿ ಬೇಕು. ನಿಮ್ಮ ಕಂಪನಿಯ ಯಂತ್ರ ಆ ಜಾಲಕ್ಕೆ ಸೇರುತ್ತದೆಯೇ, ಅನುಮೋದನೆ ದೊರೆತಿದೆಯೇ, ಅಲ್ಲವಾದರೆ ಅದರ ಕೂಗನ್ನು ಕೇಳುವವರು ಯಾರು? ಈವರೆಗೆ ಎಷ್ಟು ಮಾರಾಟವಾಗಿದೆ, ಹಣ ಕೈಸೇರಿದೆಯೇ? ಪ್ರವರ್ತಕರು ಕಳೆದ ಒಂದು ವರ್ಷದಲ್ಲಿ ತಮ್ಮ ಪಾಲನ್ನು ಉಳಿಸಿಕೊಂಡಿದ್ದಾರೆಯೇ, ಮಾರಿದ್ದಾರೆಯೇ? ವಾರ್ಷಿಕ ವರದಿಯನ್ನೂ ಷೇರು ವಿನಿಮಯ ಕೇಂದ್ರಕ್ಕೆ ಕೊಟ್ಟ ಪ್ರಕಟಣೆಗಳನ್ನೂ ಓದಿದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಸಿಗುತ್ತದೆ. ಸಾರು, ಪಲ್ಯ ಮುಗಿದು ಪಾಯಸ ಬರುವವರೆಗೆ ಮೂವರೂ ಮಾತಾಡಿದಿರಿ. ಇವುಗಳಲ್ಲಿ ಒಂದು ಪ್ರಶ್ನೆಯೂ ನಿಮ್ಮ ಬಾಯಿಂದ ಬರಲಿಲ್ಲ.

ನಾನು ಬುದ್ಧಿವಂತನೆಂಬ ಅಹಂಕಾರದಿಂದ ಇದನ್ನು ಬರೆಯುತ್ತಿಲ್ಲ. 1995ರಲ್ಲಿ ಸೀಗಡಿ ಕೃಷಿಯ ಒಂದು ಕಂಪನಿಗೆ ನಾನೂ ಐದು ಸಾವಿರ ರೂಪಾಯಿ ಕಟ್ಟಿದ್ದೆ. ಸಹೋದ್ಯೋಗಿಗಳೆಲ್ಲ ಕಟ್ಟಿದ್ದರು, ಸೀಗಡಿಗೆ ವಿದೇಶದಲ್ಲಿ ಬೇಡಿಕೆಯಿದ್ದದ್ದೂ ನಿಜವಾಗಿತ್ತು. ಎರಡು ವರ್ಷದ ಮೇಲೆ ಕಂಪನಿಯ ವಿಳಾಸಕ್ಕೆ ಬರೆದ ಕಾಗದ ಹಾಗೆಯೇ ಹಿಂದಿರುಗಿತು. ಷೇರುಪತ್ರ ಇಂದಿಗೂ ನನ್ನ ಟ್ರಂಕಿನಲ್ಲಿದೆ. ಒಳ್ಳೆಯ ಕಾಗದ, ಚೆಂದದ ಅಚ್ಚು. ಸಂಬಳವಿದ್ದ ನಾನು ಆ ಪೆಟ್ಟನ್ನು ತಡೆದುಕೊಂಡೆ.

ಬ್ಯಾಂಕಿನವನೂ ಹೋಟೆಲಿನವನೂ ತಡೆದುಕೊಂಡಾರು. ಅವರಿಗೆ ನನ್ನ ಮಾತು ಬೇರೆ. ಸ್ವಂತ ಹಣವನ್ನು ಪಣಕ್ಕಿಡುವ ಹಕ್ಕು ನಿಮಗಿದೆ. ಆದರೆ ನೀವು ಕೊಂಡ ವಸ್ತುವಿನ ಗುಣವನ್ನು, ನಿಮ್ಮ ಮೇಲಿನ ಗೌರವದಿಂದ ಬಾಯಿಬಿಟ್ಟು ಕೇಳುವ ಗೆಳೆಯನೆದುರು ಹಾಡುವಾಗ ಎಚ್ಚರವಿರಲಿ. ಮುಂದೊಂದು ದಿನ ನೀವು ಮಾರಲು ಹೊರಟಾಗ, ಕೊಳ್ಳುವವನು ಅವನೇ ಆಗಿರಬಹುದು.

ತಂಡೇಲರ ಮಗನೇ, ನೀನು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ತಾಯಿಯ ಬಳೆಗಳನ್ನು ಅಡವಿಡಬೇಡ. ಉಳಿಸಿದ ಹಣ ಸ್ವಲ್ಪವಿದ್ದರೆ, ತಂದೆಯವರ ಬೋಟಿನಲ್ಲಿ ಎಷ್ಟು ಲೈಫ್ ಜಾಕೆಟ್‌ಗಳಿವೆ, ಅವುಗಳಲ್ಲಿ ಎಷ್ಟರ ಪಟ್ಟಿ ಹರಿದಿದೆ ಎಂದು ಮೊದಲು ಎಣಿಸು. ಕೊರತೆಯಿದ್ದಷ್ಟನ್ನು ಕೊಂಡುಕೊಡು. ಟ್ರಾನ್ಸ್‌ಪಾಂಡರ್ ಅಳವಡಿಸಿಲ್ಲವಾದರೆ ಮೀನುಗಾರಿಕಾ ಇಲಾಖೆಗೆ ಹೋಗಿ ವಿಚಾರಿಸು, ಅರ್ಜಿ ಬರೆಯಲು ಕಷ್ಟವಾದರೆ ನನ್ನ ಮನೆಗೆ ಬಾ, ಬರೆದುಕೊಡುತ್ತೇನೆ. ಅಂದು ಪಂಕ್ತಿಯಲ್ಲಿ ನಿನಗೆ ಇದನ್ನೇ ಹೇಳಬೇಕಾಗಿತ್ತು.