ಪುರಭವನದ ಜಗಲಿ

ಬೆಂಗಳೂರಿನ ಪುರಭವನವನ್ನು ಹೊಗಳುವವರೆಲ್ಲ ಅದರ ಕಂಬಗಳನ್ನು ಹೊಗಳುತ್ತಾರೆ. ನಾನು ಮೆಟ್ಟಿಲುಗಳ ಪರ ವಾದಿಸಬೇಕೆಂದಿದ್ದೇನೆ.

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಇದರ ಶಂಕುಸ್ಥಾಪನೆ ಮಾಡಿದರು. 1935ರಲ್ಲಿ ಯುವರಾಜರು ಉದ್ಘಾಟಿಸಿದರು. ಆಗ ಮಿರ್ಜಾ ಇಸ್ಮಾಯಿಲರು ದಿವಾನರು. ಆದರೂ ಭವನಕ್ಕಿರುವ ಹೆಸರು ಅರಸರದಲ್ಲ, ದಿವಾನರದೂ ಅಲ್ಲ. ಪುರಸಭೆಯ ಅಧ್ಯಕ್ಷರಾಗಿದ್ದ ಸರ್ ಕೆ.ಪಿ. ಪುಟ್ಟಣ್ಣಚೆಟ್ಟಿಯವರದು. ಊರಿನ ಕೆಲಸ ಮಾಡಿದವರ ಹೆಸರು ಊರಿನ ಮನೆಗೆ. ಸರಿಯಾಗಿಯೇ ಇದೆ.

ಕಟ್ಟಡದ್ದು ಗ್ರೀಕ್-ರೋಮನ್ ಶೈಲಿ. ಮುಂದೆ ದಪ್ಪ ಕಂಬಗಳ ಸಾಲು, ಮೇಲೆ ತ್ರಿಕೋನದ ಮುಖ, ಕೆಳಗೆ ರಸ್ತೆಯತ್ತ ಇಳಿಯುವ ಅಗಲವಾದ ಮೆಟ್ಟಿಲುಗಳು. ಶೈಲಿ ಪರದೇಶದ್ದಾದರೂ ಆ ಮೆಟ್ಟಿಲು ನಮ್ಮ ಹಳೆ ಮನೆಗಳ ಜಗಲಿಯ ಕೆಲಸವನ್ನೇ ಮಾಡುತ್ತಿತ್ತು. ಒಳಗೆ ಕರೆಯದವರೂ ಬಂದು ಕೂರಬಹುದಿತ್ತು. ಸಭಾಂಗಣಕ್ಕೆ ಬಾಡಿಗೆ ಕಟ್ಟಬೇಕು, ಮೆಟ್ಟಿಲಿಗೆ ಬಾಡಿಗೆಯಿಲ್ಲ.

ಮನೆಯ ಜಗಲಿ ಯಾರದಾಗಿತ್ತು, ನೆನಪಿದೆಯೇ? ಗಂಡಸರದು. ಎಲೆಯಡಿಕೆ, ಪತ್ರಿಕೆ, ರಾಜಕೀಯ ಎಲ್ಲ ಅಲ್ಲಿ. ನಾವು ಬಾಗಿಲ ಹಿಂದೆ ನಿಂತು ಕಾಫಿ ಲೋಟ ಮುಂದೆ ಮಾಡುತ್ತಿದ್ದೆವು. ಅಂಥ ನಮಗೂ ಕೈಯಲ್ಲೊಂದು ರಟ್ಟಿನ ಫಲಕ ಹಿಡಿದು, ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಕೂರಲು ಸಿಕ್ಕ ಜಗಲಿ ಇದು. ಎದುರಿನಲ್ಲೇ ಬಸ್ಸುಗಳು ಹೋಗುತ್ತವೆ. ಕಿಟಕಿಯಿಂದ ಯಾರೋ ಒಬ್ಬಾಕೆ ಫಲಕ ಓದಿದರೂ ಬಂದದ್ದು ಸಾರ್ಥಕ.

2019ರ ಡಿಸೆಂಬರಿನಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ಎಳೆದೊಯ್ದದ್ದು ಇಲ್ಲಿಂದಲೇ. ಅವರ ಮಾತು ನಿಮಗೆ ಒಪ್ಪಿಗೆಯಾಗಲಿ, ಬಿಡಲಿ, ಆ ದೃಶ್ಯವನ್ನು ಇಡೀ ದೇಶ ನೋಡಿತು. ಆಮೇಲೆ 2021ರ ಆದೇಶದಂತೆ ನಗರದ ಧರಣಿಗಳೆಲ್ಲ ಫ್ರೀಡಂ ಪಾರ್ಕಿಗೆ ಸೀಮಿತವಾದವು. ಫ್ರೀಡಂ ಪಾರ್ಕೆಂದರೇನು? ಹಳೆಯ ಸೆಂಟ್ರಲ್ ಜೈಲು! ಜೈಲಿನ ಅಂಗಳಕ್ಕೆ ಸ್ವಾತಂತ್ರ್ಯದ ಹೆಸರಿಟ್ಟು, ಮಾತಾಡುವವರನ್ನೆಲ್ಲ ಅಲ್ಲಿಗೇ ಕಳಿಸುವ ಜಾಣತನಕ್ಕೆ ಏನೆನ್ನಬೇಕೋ. ಕಾಂಪೌಂಡಿನೊಳಗೆ ಕೂಗಿದರೆ ಕೇಳುವವರು ಕಾವಲಿನ ಪೊಲೀಸರು, ಪಾಪ.

ಟ್ರಾಫಿಕ್ಕಿಗೆ ತೊಂದರೆ ಎನ್ನುತ್ತಾರೆ. ಆಸ್ಪತ್ರೆಗೆ ಹೋಗುವವರಿಗೆ ದಾರಿ ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಂತ್ರಿಗಳ ಕಾರು ಹಾಯುವಾಗ ನಮ್ಮ ಬಸ್ಸು ನಿಲ್ಲಿಸುವವರಿಗೆ ಆ ತೊಂದರೆ ಏಕೆ ಕಾಣುವುದಿಲ್ಲ? ಮೆಟ್ಟಿಲ ಮೇಲೆ ಕೂತವರು ರಸ್ತೆಯ ಮೇಲೆ ಕೂತಿಲ್ಲವಲ್ಲ! ಇಷ್ಟೇ ಜನ, ಇಷ್ಟೇ ಹೊತ್ತು, ಮೈಕು ಬೇಡ, ರಸ್ತೆಗೆ ಇಳಿಯಬೇಡಿ ಎಂದು ಷರತ್ತು ಹಾಕಲಿ, ಒಪ್ಪೋಣ. ಮೆಟ್ಟಿಲನ್ನು ಮಾತ್ರ ನಮಗೆ ವಾಪಸು ಕೊಡಲಿ.